ಡೀಫಾಲ್ಟ್ ಆನ್ ಇಟ್ಟವರು ಯಾರು?

ಫೋರ್ಟ್‌ನೈಟ್ ಆಡದವರೂ ಹೆಸರು ಕೇಳಿರ್ತೀರಿ. ಆಟ ಫ್ರೀ, ದುಡ್ಡು ಬರೋದು ಅದರೊಳಗೆ ಮಾರುವ ಡ್ರೆಸ್, ಡ್ಯಾನ್ಸ್‌ಗಳಿಂದ. 2022ರ ಡಿಸೆಂಬರ್‌ನಲ್ಲಿ ಅದರ ಕಂಪನಿ ಎಪಿಕ್ ಗೇಮ್ಸ್, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 52 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಕಮಿಷನ್‌ನ ದೂರನ್ನು ನಾವು ಡಿಸೈನ್ ಪಾಠ ಅಂತಲೇ ಓದಬಹುದು.

ಇದರಲ್ಲಿ 24.5 ಕೋಟಿ ಡಾಲರ್ ಆಟಗಾರರಿಗೆ ವಾಪಸ್ ಕೊಡಲು. ಕಾರಣ, ಬಟನ್‌ಗಳು. ಗೇಮ್ ಲೋಡ್ ಆಗುವಾಗ, ಸ್ಲೀಪ್ ಮೋಡ್‌ನಿಂದ ಎಬ್ಬಿಸುವಾಗ, ಐಟಂ ಹೇಗಿದೆ ನೋಡೋಣ ಅಂತ ಹೋಗಿ ಪಕ್ಕದ ಬಟನ್ ಒತ್ತಿದರೆ ಖರೀದಿ ಮುಗಿದೇ ಹೋಯ್ತು! ರದ್ದು ಮಾಡುವ ದಾರಿ ಮಾತ್ರ ಸುಲಭಕ್ಕೆ ಕಾಣದು. ಇದು ಬಗ್ ಅಲ್ಲ, ಟೆಸ್ಟ್ ಮಾಡಿ ಬೇಕಂತಲೇ ಬಚ್ಚಿಟ್ಟದ್ದು ಎಂಬುದು ಆರೋಪ. (ಇಂಥವಕ್ಕೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು. ನಮ್ಮ ಕೇಂದ್ರ ಸರ್ಕಾರವೂ 2023ರಲ್ಲಿ 13 ಬಗೆಗಳನ್ನು ಪಟ್ಟಿ ಮಾಡಿದೆ, ಯುಐ ಮಾಡುವವರು ಒಮ್ಮೆ ನೋಡಿ.)

ನನ್ನನ್ನು ಹೆಚ್ಚು ಕಾಡಿದ್ದು ಉಳಿದ 27.5 ಕೋಟಿ. ಅದು ಮಕ್ಕಳ ಖಾಸಗಿತನದ ಕಾನೂನು ಮುರಿದದ್ದಕ್ಕೆ ದಂಡ. ವಾಯ್ಸ್ ಚಾಟ್ ಡೀಫಾಲ್ಟ್ ಆಗಿ ಆನ್ ಇತ್ತು. ಮಕ್ಕಳು ಅಪರಿಚಿತರ ಜೊತೆ ಆಡಬೇಕು. ಬೆದರಿಕೆ, ಕಿರುಕುಳ ಎಲ್ಲವೂ ಕಿವಿಗೇ ನೇರವಾಗಿ. ಬೇಕಾದವರಷ್ಟೇ ಆನ್ ಮಾಡಿಕೊಳ್ಳುವಂತೆ ಇಡಿ ಎಂದು 2017ರಲ್ಲೇ ಕಂಪನಿಯ ನೌಕರರೇ ಕೇಳಿದ್ದರು ಎನ್ನುತ್ತದೆ ದೂರು. ಆಮೇಲೆ ಆಫ್ ಬಟನ್ ಬಂತು, ಹುಡುಕಿದರೂ ಸಿಗದ ಜಾಗದಲ್ಲಿ.

ರಾಜಿಯ ಪ್ರಕಾರ ಈಗ ಮಕ್ಕಳಿಗೂ ಹದಿಹರೆಯದವರಿಗೂ ಚಾಟ್ ಡೀಫಾಲ್ಟ್ ಆಫ್ ಇರಬೇಕು. ಕೋಡ್‌ನಲ್ಲಿ ಟ್ರೂ ಇದ್ದಲ್ಲಿ ಫಾಲ್ಸ್, ಅಷ್ಟೇ. ಅದಕ್ಕೆ ಐದು ವರ್ಷ ಹಿಡಿಯಿತು.