ಸುಶಿ ಬೆಲ್ಟಿನ ಲೆಕ್ಕಾಚಾರ

ಜಪಾನಿನಲ್ಲಿ ಹೊರಗೆ ಊಟ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗೋದು ರೀಲ್ಸ್‌ನಲ್ಲಿ ನೋಡಿದ ಒಂದು ದೃಶ್ಯ: ಉದ್ದನೆಯ ಬೆಲ್ಟ್, ಅದರ ಮೇಲೆ ಬಣ್ಣಬಣ್ಣದ ಪುಟ್ಟ ಪ್ಲೇಟುಗಳು, ಪಕ್ಕದಲ್ಲಿ ಕೂತವರು ಬೇಕಾದ್ದನ್ನು ಎತ್ತಿಕೊಂಡು ತಿನ್ನುತ್ತಾ ಇರ್ತಾರೆ. ಇದಕ್ಕೆ ಅಲ್ಲಿ 'ಕೈತೆನ್ ಝುಶಿ' ಅಂತಾರೆ. ಕೈತೆನ್ ಅಂದರೆ ತಿರುಗೋದು. ಝುಶಿ ಅಂದರೆ ನಮಗೆ ಗೊತ್ತಿರುವ ಸುಶಿಯೇ. ಹಿಂದೆ ಇನ್ನೊಂದು ಪದ ಬಂದು ಸೇರಿದಾಗ 'ಸು' ಹೋಗಿ 'ಝು' ಆಗುತ್ತೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುತ್ತಲ್ಲ, ನಮ್ಮ ಆದೇಶ ಸಂಧಿ, ಹೆಚ್ಚು ಕಡಿಮೆ ಅದೇ ರೀತಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡೋಣ. ಸುಶಿ ಅಂದರೆ ಹಸಿ ಮೀನು ಅಲ್ಲ. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನದಿಂದ ಮಾಡಿದ್ದು ಸುಶಿ. ಅದರ ಮೇಲೆ ಮೀನೂ ಇರಬಹುದು, ಮೊಟ್ಟೆಯೂ ಇರಬಹುದು, ಒಳಗೆ ಸೌತೆಕಾಯಿಯೂ ಇರಬಹುದು. ಅನ್ನ ಇಲ್ಲದೆ ಬರೀ ಹಸಿ ಮೀನಿನ ಹೋಳು ಕೊಟ್ಟರೆ ಅದು ಸಾಶಿಮಿ.

ಈ ಲೇಖನದಲ್ಲಿ ನಾವು ಆ ಬೆಲ್ಟನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಣ್ಣಿನಿಂದ ನೋಡೋಣ. ಕೊನೆಯಲ್ಲಿ, ಇಂಟರ್ನ್‌ಶಿಪ್‌ಗೋ ಕೆಲಸಕ್ಕೋ ಜಪಾನಿಗೆ ಹೋಗುವವರಿಗೆ, ಅದರಲ್ಲೂ ಸಸ್ಯಾಹಾರಿ ಗೆಳೆಯರಿಗೆ ಬೇಕಾಗುವ ಕೆಲವು ಮಾತುಗಳಿವೆ.

1. ಬಿಯರ್ ಬಾಟಲಿಯಿಂದ ಸುಶಿಗೆ

ಇದನ್ನು ಶುರು ಮಾಡಿದವರು ಒಸಾಕಾ ಕಡೆಯ ಯೋಶಿಯಾಕಿ ಶಿರಾಯಿಶಿ. ಅವರದ್ದು ಒಂದು ಚಿಕ್ಕ ಸುಶಿ ಅಂಗಡಿ. ಗಿರಾಕಿಗಳು ಬರ್ತಿದ್ರು, ಆದರೆ ಬಡಿಸೋಕೆ ಸಾಕಷ್ಟು ಜನ ಇರಲಿಲ್ಲ. ಜನ ಇಟ್ಟುಕೊಂಡರೆ ಸಂಬಳಕ್ಕೇ ದುಡ್ಡು ಹೋಗುತ್ತೆ, ಸುಶಿ ಬೆಲೆ ಏರಿಸಬೇಕಾಗುತ್ತೆ. ಆ ಸಮಯದಲ್ಲಿ ಅವರು ಅಸಾಹಿ ಬಿಯರ್ ಫ್ಯಾಕ್ಟರಿಯಲ್ಲಿ ಕನ್ವೇಯರ್ ಬೆಲ್ಟ್ ಮೇಲೆ ಬಾಟಲಿಗಳು ಸಾಲಾಗಿ ಹೋಗೋದನ್ನು ನೋಡಿದರು. ಬಾಟಲಿ ಹೋಗೋದಾದರೆ ಪ್ಲೇಟು ಯಾಕೆ ಹೋಗಬಾರದು?

ಐಡಿಯಾ ಬಂದದ್ದು ಒಂದು ಕ್ಷಣದಲ್ಲಿ, ಆದರೆ ಬೆಲ್ಟ್ ಸಿದ್ಧವಾಗೋಕೆ ವರ್ಷಗಳೇ ಬೇಕಾದವು. 1958ರಲ್ಲಿ ಈಗಿನ ಹಿಗಾಶಿ ಒಸಾಕಾದಲ್ಲಿ ಅವರ 'ಗೆನ್‌ರೊಕು ಸುಶಿ' ತಿರುಗೋಕೆ ಶುರುವಾಯಿತು. 1970ರ ಒಸಾಕಾ ವಿಶ್ವಮೇಳದಲ್ಲಿ ಅದನ್ನು ನೋಡಿದ ಮೇಲೆ ದೇಶದ ತುಂಬಾ ಹಬ್ಬಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅದುವರೆಗೆ ಒಳ್ಳೆ ಸುಶಿ ಅಂಗಡಿಗೆ ಹೋಗೋದು ಅಂದರೆ ಮಾಮೂಲಿ ಜನಕ್ಕೆ ಸ್ವಲ್ಪ ಹೆದರಿಕೆಯ ವಿಷಯ. ಹಲವು ಅಂಗಡಿಗಳಲ್ಲಿ ಬೆಲೆಯೇ ಬರೆದಿರೋದಿಲ್ಲ, ಬಿಲ್ ಎಷ್ಟಾಗುತ್ತೆ ಅಂತ ಕೊನೆಯವರೆಗೂ ಗೊತ್ತಾಗಲ್ಲ. ಬೆಲ್ಟ್ ಬಂದ ಮೇಲೆ ಪ್ಲೇಟಿನ ಬಣ್ಣ ನೋಡಿದರೆ ಬೆಲೆ ಗೊತ್ತು, ತಿಂದಾದ ಮೇಲೆ ಪ್ಲೇಟು ಎಣಿಸಿದರೆ ಬಿಲ್ ಗೊತ್ತು. ಮಕ್ಕಳನ್ನು ಕರೆದುಕೊಂಡು ಸಂಸಾರ ಸಮೇತ ಹೋಗುವ ಜಾಗ ಆಯಿತು. ನಮ್ಮ ಬೆಂಗಳೂರಿನ ದರ್ಶಿನಿಗಳು ಸರ್ವರ್‌ಗಳನ್ನು ಕಡಿಮೆ ಮಾಡಿ, ನಿಂತುಕೊಂಡೇ ತಿನ್ನುವ ವ್ಯವಸ್ಥೆ ತಂದು ಬೆಲೆ ಇಳಿಸಿದವಲ್ಲ, ಅದೇ ಪ್ರಶ್ನೆಗೆ ಇದು ಇನ್ನೊಂದು ಉತ್ತರ.

2. ಮೂಲೆಯ ಸಮಸ್ಯೆ

ನೇರ ಹೋಗುವ ಬೆಲ್ಟ್ ಸುಲಭ. ತಿರುವಿನಲ್ಲಿ ಕಷ್ಟ. ಬೆಲ್ಟಿನ ಅಗಲ 20 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಅದು ಅರ್ಧ ವೃತ್ತ ತಿರುಗಿದಾಗ ಹೊರಗಿನ ಅಂಚು ಒಳಗಿನ ಅಂಚಿಗಿಂತ ಎಷ್ಟು ಹೆಚ್ಚು ದೂರ ಹೋಗಬೇಕು? ಪೈ ಗುಣಿಸು 20, ಅಂದರೆ ಸುಮಾರು 63 ಸೆಂ.ಮೀ. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ತ್ರಿಜ್ಯ ಲೆಕ್ಕದಲ್ಲಿ ಕ್ಯಾನ್ಸಲ್ ಆಗಿಹೋಗುತ್ತೆ, ಬರೆದು ನೋಡಿ.

ಹಾಗಾಗಿ ಒಂದೇ ತುಂಡಿನ ಮಾಮೂಲಿ ಬೆಲ್ಟ್ ಇಲ್ಲಿ ನಡೆಯೋದಿಲ್ಲ. ಕೆಳಗೆ ಒಂದು ಚೈನ್, ಅದರ ಮೇಲೆ ಬಿಡಿಬಿಡಿ ಹಲಗೆಗಳು, ಇದು ದಾರಿ. ಆದರೆ ಹಲಗೆ ಚೌಕಾಕಾರ ಇದ್ದರೆ ತಿರುವಿನಲ್ಲಿ ಹೊರಗಡೆ ಸಂದು ಬಿಡುತ್ತೆ, ಬೆರಳು ಸಿಕ್ಕಿಕೊಳ್ಳಬಹುದು. ಪರಿಹಾರ ಅರ್ಧಚಂದ್ರದ ಆಕಾರ. ಒಂದು ಹಲಗೆಯ ಉಬ್ಬಿದ ಅಂಚು ಪಕ್ಕದ ಹಲಗೆಯ ತಗ್ಗಿದ ಅಂಚಿನೊಳಗೆ ಕೂರುತ್ತೆ. ತಿರುವಿನಲ್ಲಿ ಎರಡೂ ಒಂದರೊಳಗೊಂದು ಜಾರುತ್ತವೆ, ಸಂದು ಬೀಳೋದಿಲ್ಲ. ಮುಂದಿನ ಸಲ ವಿಮಾನ ನಿಲ್ದಾಣದಲ್ಲಿ ಲಗೇಜ್ ಬೆಲ್ಟ್ ಮುಂದೆ ನಿಂತಾಗ ಹಲಗೆಗಳ ಆಕಾರ ನೋಡಿ, ಇದೇ ತತ್ವ ಕಾಣಿಸುತ್ತೆ. ಜಪಾನಿನಲ್ಲಿ ಸುಶಿ ಬೆಲ್ಟುಗಳನ್ನು ಮಾಡುವ ಮುಖ್ಯ ಕಂಪನಿಗಳೆಲ್ಲಾ ಇರೋದು ಇಶಿಕಾವಾ ಎಂಬ ಒಂದೇ ಪ್ರಾಂತ್ಯದಲ್ಲಿ.

3. ಸೆಕೆಂಡಿಗೆ 8 ಸೆಂ.ಮೀ. ಯಾಕೆ?

ಶಿರಾಯಿಶಿ ಅವರು ಪ್ರಯೋಗ ಮಾಡಿ ಮಾಡಿ ಬಂದು ನಿಂತ ಸ್ಪೀಡ್ ಸೆಕೆಂಡಿಗೆ ಸುಮಾರು 8 ಸೆಂ.ಮೀ. ನಿಮ್ಮ ಕೈ ಬೆಲ್ಟಿನ ಉದ್ದಕ್ಕೆ ಸುಮಾರು 80 ಸೆಂ.ಮೀ. ಜಾಗದಲ್ಲಿ ಸಲೀಸಾಗಿ ಆಡುತ್ತೆ ಅಂತ ಇಟ್ಟುಕೊಂಡರೆ, ಒಂದು ಪ್ಲೇಟು ನಿಮ್ಮ ಕೈಗೆಟಕುವ ಸಮಯ 10 ಸೆಕೆಂಡ್. ನೋಡೋಕೆ, ಬೇಕೋ ಬೇಡವೋ ಯೋಚಿಸೋಕೆ, ಎತ್ತಿಕೊಳ್ಳೋಕೆ ಅಷ್ಟು ಸಾಕು. ಸ್ಪೀಡ್ ಎರಡರಷ್ಟು ಮಾಡಿದರೆ 5 ಸೆಕೆಂಡ್. ಅಜ್ಜಿ ತಾತಂದಿರಿಗೆ ಎತ್ತೋಕೇ ಆಗಲ್ಲ. ಅರ್ಧ ಮಾಡಿದರೆ ದೂರದಲ್ಲಿ ಕಂಡ ಪ್ಲೇಟು ಹತ್ತಿರ ಬರೋಷ್ಟರಲ್ಲಿ ಹಸಿವೇ ಹೋಗಿರುತ್ತೆ. ಇಲ್ಲಿ ಸ್ಪೀಡನ್ನು ನಿರ್ಧರಿಸಿದ್ದು ಮೋಟರ್ ಅಲ್ಲ, ಮನುಷ್ಯ.

4. ಪ್ಲೇಟು ಎಷ್ಟು ಹೊತ್ತು ತಿರುಗುತ್ತೆ?

ಈಗ ನಿಜವಾದ ಪ್ರಶ್ನೆ. ಬೆಲ್ಟ್ ಮೇಲಿರೋದು ಹಸಿ ಮೀನು. ಅದು ಎಷ್ಟು ಹೊತ್ತಿನಿಂದ ಸುತ್ತುತ್ತಾ ಇದೆ ಅನ್ನೋದು ತಿನ್ನುವವರ ಆರೋಗ್ಯದ ವಿಷಯ. ಉಳಿದರೆ ಎಸೆಯಬೇಕು, ಅದು ಅನ್ನದ ವಿಷಯ.

ಇದಕ್ಕೆ ಒಂದು ಸರಳ ಸೂತ್ರ ಇದೆ. 1961ರಲ್ಲಿ ಜಾನ್ ಲಿಟಲ್ ಇದಕ್ಕೆ ಸಾಧನೆ ಕೊಟ್ಟರು, ಹಾಗಾಗಿ ಲಿಟಲ್ ನಿಯಮ ಅಂತಾರೆ. ನಮ್ಮ ಬೆಲ್ಟಿಗೆ ಅನ್ವಯಿಸಿ ಹೇಳೋದಾದರೆ:

ಬೆಲ್ಟ್ ಮೇಲೆ ಇರುವ ಪ್ಲೇಟು = ನಿಮಿಷಕ್ಕೆ ಖರ್ಚಾಗುವ ಪ್ಲೇಟು × ಒಂದು ಪ್ಲೇಟು ಬೆಲ್ಟ್ ಮೇಲೆ ಕಳೆಯುವ ನಿಮಿಷ

ಮೂರೂ ಸರಾಸರಿಗಳು. ಉದಾಹರಣೆಗೆ 60 ಮೀಟರ್ ಬೆಲ್ಟ್, 30 ಸೆಂ.ಮೀ.ಗೆ ಒಂದು ಪ್ಲೇಟು. ಒಟ್ಟು 200 ಪ್ಲೇಟು. ರಾತ್ರಿ ರಶ್ ಇದ್ದಾಗ ನಿಮಿಷಕ್ಕೆ 10 ಪ್ಲೇಟು ಖರ್ಚಾಗುತ್ತೆ, ತೆಗೆದಷ್ಟನ್ನು ಅಡುಗೆಯವರು ತುಂಬುತ್ತಾರೆ. ಆಗ ಒಂದು ಪ್ಲೇಟು ಸರಾಸರಿ 20 ನಿಮಿಷ ತಿರುಗುತ್ತೆ. ಪರವಾಗಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಜನ ಇಲ್ಲ, ನಿಮಿಷಕ್ಕೆ 2 ಪ್ಲೇಟು ಮಾತ್ರ. ಬೆಲ್ಟ್ ಹಾಗೇ ತುಂಬಿಟ್ಟರೆ ಸರಾಸರಿ 100 ನಿಮಿಷ! 40 ನಿಮಿಷ ದಾಟಬಾರದು ಅಂತ ನಾವು ನಿಯಮ ಇಟ್ಟುಕೊಂಡರೆ ಆ ಹೊತ್ತಿನಲ್ಲಿ ಬೆಲ್ಟ್ ಮೇಲೆ 80 ಪ್ಲೇಟಿಗಿಂತ ಹೆಚ್ಚು ಇರಬಾರದು. ಅಂದರೆ ಖಾಲಿ ಖಾಲಿ ಕಾಣುವ ಬೆಲ್ಟ್ ಕೆಟ್ಟ ಹೋಟೆಲಿನ ಗುರುತಲ್ಲ. ಜನ ಇಲ್ಲದ ಹೊತ್ತಿನಲ್ಲಿ ಅದು ಒಳ್ಳೆಯ ಗುರುತೇ.

ಸೂತ್ರದಲ್ಲಿ ಬೆಲ್ಟಿನ ಸ್ಪೀಡ್ ಎಲ್ಲೂ ಇಲ್ಲ, ಗಮನಿಸಿದಿರಾ? ಜೋರಾಗಿ ತಿರುಗಿಸಿದ ಮಾತ್ರಕ್ಕೆ ಸುಶಿ ತಾಜಾ ಆಗೋದಿಲ್ಲ.

ಆದರೆ ಸರಾಸರಿ ಒಂದನ್ನೇ ನಂಬೋಕಾಗಲ್ಲ. ಎಲ್ಲರಿಗೂ ಇಷ್ಟವಾದ ಟ್ಯೂನಾ ಎರಡೇ ನಿಮಿಷದಲ್ಲಿ ಹೋಗುತ್ತೆ, ಯಾರಿಗೂ ಬೇಡವಾದ ಪ್ಲೇಟು ಸುತ್ತು ಮೇಲೆ ಸುತ್ತು ಹಾಕುತ್ತೆ. ಸರಾಸರಿ 20 ಇದ್ದರೂ ಆ ಒಂದು ಪ್ಲೇಟಿನ ವಯಸ್ಸು 90 ನಿಮಿಷ ಇರಬಹುದು. ಅದಕ್ಕೇ ದೊಡ್ಡ ಚೈನ್‌ಗಳು ಪ್ಲೇಟಿನ ತಳಕ್ಕೆ ಚಿಪ್ ಅಥವಾ ಕ್ಯೂಆರ್ ಕೋಡ್ ಹಾಕಿದವು. ಸುಶಿರೋ ಎಂಬ ಚೈನ್‌ನಲ್ಲಿ ಪ್ಲೇಟು 350 ಮೀಟರ್ ಓಡಿದ ಮೇಲೆ ಯಂತ್ರವೇ ಅದನ್ನು ಬೆಲ್ಟಿನಿಂದ ಹೊರಗೆ ಹಾಕುವ ವ್ಯವಸ್ಥೆ ಇತ್ತು. ಸೆಕೆಂಡಿಗೆ 8 ಸೆಂ.ಮೀ. ಲೆಕ್ಕದಲ್ಲಿ 350 ಮೀಟರ್ ಅಂದರೆ ಸುಮಾರು 73 ನಿಮಿಷ. ಗಡಿಯಾರದ ಬದಲು ದೂರವನ್ನೇ ಗಡಿಯಾರ ಮಾಡಿಕೊಂಡರು.

5. ನಂಬಿಕೆ ಮುರಿದಾಗ

ಇಷ್ಟೆಲ್ಲಾ ಸೆನ್ಸರ್ ಇದ್ದರೂ ಒಂದನ್ನು ಯಾವ ಸೆನ್ಸರೂ ಕಾಯುತ್ತಿರಲಿಲ್ಲ. ನಿಮ್ಮ ಮುಂದೆ ಬರುವ ಪ್ಲೇಟು ಹತ್ತಾರು ಅಪರಿಚಿತರ ಮುಂದೆ ಹಾದು ಬಂದಿರುತ್ತೆ. ಅವರು ಯಾರೂ ಮುಟ್ಟಿಲ್ಲ ಅನ್ನೋದು ಬರೀ ನಂಬಿಕೆ. 2023ರ ಜನವರಿಯಲ್ಲಿ ಒಬ್ಬ ಹುಡುಗ ಒಂದು ದೊಡ್ಡ ಚೈನ್‌ನ ಅಂಗಡಿಯಲ್ಲಿ ಸೋಯಾ ಸಾಸ್ ಬಾಟಲಿಯನ್ನು ನೆಕ್ಕಿ, ಎಂಜಲು ಬೆರಳಿನಿಂದ ಬೆಲ್ಟ್ ಮೇಲಿನ ಸುಶಿ ಮುಟ್ಟಿದ ವಿಡಿಯೊ ಹರಡಿತು. ತಮಾಷೆಗೆ ಮಾಡಿದ್ದು. ಎಂಜಲು ಅನ್ನೋ ಪದ ಗೊತ್ತಿರುವ ನಮಗೆ ಅದರ ಪರಿಣಾಮ ವಿವರಿಸಬೇಕಾಗಿಲ್ಲ. ಜನ ಬರೋದು ಕಡಿಮೆಯಾಯಿತು, ಕಂಪನಿಯ ಷೇರು ಬಿತ್ತು, ವಿಷಯ ಕೋರ್ಟಿಗೂ ಹೋಗಿ ಕೊನೆಗೆ ರಾಜಿಯಾಯಿತು.

ಆಮೇಲೆ ಹಲವು ಅಂಗಡಿಗಳು ಸುಶಿಯನ್ನು ಸುಮ್ಮನೆ ತಿರುಗಿಸೋದನ್ನು ನಿಲ್ಲಿಸಿದವು. ಈಗ ಟಚ್ ಸ್ಕ್ರೀನಿನಲ್ಲಿ ಆರ್ಡರ್ ಕೊಡಬೇಕು, ನಿಮ್ಮ ಪ್ಲೇಟು ನೇರ ನಿಮ್ಮ ಟೇಬಲ್ಲಿಗೆ ಬಂದು ನಿಲ್ಲುತ್ತೆ. ಕುರಾ ಸುಶಿ ಚೈನ್ ಬೆಲ್ಟ್ ಬಿಡಲಿಲ್ಲ. ಪ್ಲೇಟುಗಳಿಗೆ ಮೊದಲೇ ಇದ್ದ ಮುಚ್ಚಳದ ಜೊತೆಗೆ, ಅನುಮಾನ ಬರುವ ಕೈಚಳಕ ಕಂಡುಹಿಡಿಯೋಕೆ ಕ್ಯಾಮೆರಾ ಬಳಸಿತು.

ಪ್ರೊಡಕ್ಷನ್ ವಿಷಯ ಓದುವವರು ಇದನ್ನು ಗುರುತಿಸಿರಬಹುದು. ಮೊದಲು ಮಾಡಿಟ್ಟು ಗಿರಾಕಿಗೆ ಕಾಯೋದು ಪುಶ್, ಕೇಳಿದ ಮೇಲೆ ಮಾಡೋದು ಪುಲ್. ಪುಲ್ ಪದ್ಧತಿಯನ್ನು ಬೆಳೆಸಿ ಹೆಸರು ಮಾಡಿದ್ದು ಟೊಯೊಟಾ. ಬಿಡದಿಯ ಫ್ಯಾಕ್ಟರಿಗೆ ಇಂಡಸ್ಟ್ರಿಯಲ್ ವಿಸಿಟ್ ಹೋದ ಸೀನಿಯರ್‌ಗಳಿಗೆ 'ಕಾನ್‌ಬಾನ್' ಪದ ಗೊತ್ತಿರುತ್ತೆ. ಪುಲ್‌ನಲ್ಲಿ ಉಳಿಕೆ ಕಡಿಮೆ, ಎಸೆಯೋದು ಕಡಿಮೆ. ಕಳೆದುಕೊಂಡದ್ದು ಏನು? ಏನು ಬರುತ್ತೋ ಅಂತ ಕಾಯುವ ಖುಷಿ. ಗುರುತು ಪರಿಚಯ ಇಲ್ಲದವರು ಒಬ್ಬರನ್ನೊಬ್ಬರು ನಂಬಿ ಒಂದೇ ಬೆಲ್ಟಿನಿಂದ ತಿನ್ನುತ್ತಿದ್ದದ್ದು.

6. ಹೋದಾಗ ಗೊತ್ತಿರಲಿ

- ಬೆಲ್ಟಿನಿಂದ ಎತ್ತಿದ ಪ್ಲೇಟನ್ನು ವಾಪಸ್ ಇಡಬಾರದು. ಎತ್ತಿದ್ದು ನಿಮ್ಮದೇ.
- ಟೇಬಲ್ ಮೇಲಿನ ಪುಟ್ಟ ನಲ್ಲಿಯಲ್ಲಿ ಬರೋದು ಕುದಿಯುವ ನೀರು, ಚಹಾಕ್ಕೆ. ಕೈ ತೊಳೆಯೋಕೆ ಹೋಗಬೇಡಿ, ಸುಡುತ್ತೆ.
- ಚಾಪ್‌ಸ್ಟಿಕ್ ಬಾರದಿದ್ದರೆ ಚಿಂತೆ ಬೇಡ, ಸುಶಿಯನ್ನು ಕೈಯಲ್ಲಿ ತಿನ್ನಬಹುದು. ಈ ವಿಷಯದಲ್ಲಿ ನಾವೇ ಮುಂದೆ.
- ಚಾಪ್‌ಸ್ಟಿಕ್ ಅನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರದಕ್ಕೆ ತಿಂಡಿ ದಾಟಿಸಬಾರದು. ಎರಡೂ ಅಲ್ಲಿ ಸಾವಿನ ಆಚರಣೆಗೆ ಸಂಬಂಧಪಟ್ಟವು.
- ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಏಳುವಾಗ 'ಗೊಚಿಸೋಸಾಮಾ' ಅಂದರೆ ಸಾಕು, ಊಟಕ್ಕೆ ಧನ್ಯವಾದ ಅಂತ.

ಸಸ್ಯಾಹಾರಿಗಳು ಮಾತ್ರ ಇನ್ನೊಂದಿಷ್ಟು ಓದಿ. 'ಮಾಂಸ ಬೇಡ' ಅಂತ ಹೇಳಿದರೆ ಅಲ್ಲಿ ಸಾಕಾಗಲ್ಲ. 'ನಿಕು' ಅಂದರೆ ಮಾಂಸ, ಮೀನು ಅದರಲ್ಲಿ ಸೇರಲ್ಲ. ಅದಕ್ಕೆ 'ಸಕಾನಾ' ಅಂತ ಬೇರೆ ಪದ. ಮೀನಿನ ತುಂಡು ಕಣ್ಣಿಗೆ ಕಾಣದಿದ್ದರೂ 'ದಾಶಿ' ಇರಬಹುದು. ದಾಶಿ ಅಂದರೆ ಅಡುಗೆಗೆ ಬಳಸುವ ತಿಳಿಸಾರು. ಸಾಮಾನ್ಯವಾಗಿ ಒಣಗಿಸಿದ ಮೀನಿನಿಂದ ತೆಗೆಯುತ್ತಾರೆ. ಮಿಸೊ ಸೂಪ್, ನೂಡಲ್ಸ್ ಸಾರು, ಮೊಟ್ಟೆ ಸುಶಿ, ತೋಫು ಚೀಲದ ಇನಾರಿ, ಇವುಗಳಲ್ಲೆಲ್ಲಾ ಅದು ಇರುವ ಸಾಧ್ಯತೆ ಹೆಚ್ಚು. ಕೆಲವು ಕಡೆ ಸೋಯಾ ಸಾಸಿಗೂ ಬೆರೆಸಿರ್ತಾರೆ. 'ದಾಶಿ ಹೈತ್ತೆ ಇಮಾಸ್ ಕಾ?' ಅಂತ ಕೇಳಿ, ದಾಶಿ ಹಾಕಿದೆಯಾ ಅಂತ ಅರ್ಥ. ಹೆಚ್ಚು ಭಯವಿಲ್ಲದವು ಸೌತೆಕಾಯಿಯ ಕಪ್ಪಾ ಮಾಕಿ, ಹುದುಗಿಸಿದ ಸೋಯಾದ ನತ್ತೊ ಮಾಕಿ, ಎಡಮಾಮೆ. ಪೂರ್ತಿ ಸಸ್ಯಾಹಾರವೇ ಬೇಕು ಅಂದರೆ ಬೌದ್ಧ ದೇವಾಲಯಗಳ 'ಶೋಜಿನ್ ರ್ಯೋರಿ' ಹುಡುಕಿ. ಅಲ್ಲಿ ದಾಶಿಯನ್ನೂ ಕೊಂಬು ಎಂಬ ಕಡಲಪಾಚಿ ಮತ್ತು ಅಣಬೆಯಿಂದ ಮಾಡ್ತಾರೆ.

7. ಅಭ್ಯಾಸಕ್ಕೆ

ಅ) ಬೆಲ್ಟಿನ ಉದ್ದ 48 ಮೀಟರ್, ಸ್ಪೀಡ್ ಸೆಕೆಂಡಿಗೆ 8 ಸೆಂ.ಮೀ. ಒಂದು ಸುತ್ತಿಗೆ ಎಷ್ಟು ನಿಮಿಷ?

ಆ) ಅದರ ಮೇಲೆ 120 ಪ್ಲೇಟು, ನಿಮಿಷಕ್ಕೆ 4 ಖರ್ಚು. ಒಂದು ಪ್ಲೇಟು ಸರಾಸರಿ ಎಷ್ಟು ಸುತ್ತು ಹಾಕುತ್ತೆ?

ಇ) ನಮ್ಮ ಕ್ಯಾಂಟೀನಿನಲ್ಲಿ ಬೆಳಿಗ್ಗೆ ಬ್ರೇಕ್ ಹೊತ್ತಿಗೆ ಕ್ಯೂನಲ್ಲಿ ಎಷ್ಟು ಜನ ಇದ್ದಾರೆ, ನಿಮಿಷಕ್ಕೆ ಎಷ್ಟು ಜನ ತಿಂಡಿ ತಗೊಂಡು ಹೊರಗೆ ಬರ್ತಾರೆ ಎಣಿಸಿ. ನೀವು ಎಷ್ಟು ಹೊತ್ತು ಕಾಯಬೇಕು ಅಂತ ಕ್ಯೂ ಸೇರುವ ಮೊದಲೇ ಹೇಳಬಹುದು. ಹತ್ತು ನಿಮಿಷದ ಬ್ರೇಕಿನಲ್ಲಿ ಈ ಉತ್ತರ ಹದಿನೈದು ಬಂದರೆ, ಲಿಟಲ್ ನಿಯಮಕ್ಕೆ ನಮಸ್ಕಾರ ಹೇಳಿ ಬಾಳೆಹಣ್ಣು ತಗೊಂಡು ಕ್ಲಾಸಿಗೆ ಹೋಗಿ.

ಅ ಪ್ರಶ್ನೆಗೆ ಉತ್ತರ 10, ಆ ಪ್ರಶ್ನೆಗೆ 3. ಇ ಪ್ರಶ್ನೆಯ ಉತ್ತರ ನಿಮ್ಮಿಂದ ಬರಲಿ.