ಗಡಿ ಸಮೀಪದ ಗ್ರಾಮ: ಭೂಗೋಳ ಮತ್ತು ಜನಸಂಖ್ಯೆ (ಚನ್ನರಾಯನದುರ್ಗ ಸೀಮೆಯನ್ನು ಅನುಲಕ್ಷಿಸಿ)

ಜಾನಪದ, ಸ್ಥಳನಾಮ, ಉಪಭಾಷೆಗಳನ್ನು ಕುರಿತ ಸಂಶೋಧನ ಪ್ರಬಂಧಗಳಲ್ಲಿ ಗ್ರಾಮದ ಭೂಗೋಳ ಹಾಗೂ ಜನಸಂಖ್ಯೆಯ ವಿವರಗಳು 'ಕ್ಷೇತ್ರ ಪರಿಚಯ'ವೆಂಬ ಮೊದಲ ಅಧ್ಯಾಯದಲ್ಲಿ ಸೇರುತ್ತವೆ. ಮುಂದಿನ ಅಧ್ಯಾಯಗಳಲ್ಲಿ ಅವುಗಳ ಪ್ರಸ್ತಾಪ ವಿರಳ. ಗಣತಿಯು ಎಣಿಸುವ 'ಗ್ರಾಮ'ವೂ ಜನರು ಬದುಕುವ 'ಊರೂ' ಒಂದೇ ಎಂಬ ಗ್ರಹಿಕೆ ಇದಕ್ಕೆ ಕಾರಣ. ತುಮಕೂರು ಜಿಲ್ಲೆಯ ಈಶಾನ್ಯ ಭಾಗದಲ್ಲಿ ಈ ಗ್ರಹಿಕೆ ಎಷ್ಟು ಸಾಧುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚನ್ನರಾಯನದುರ್ಗ ಎಂಬ ಹೆಸರೇ ಇದಕ್ಕೆ ನಿದರ್ಶನ. ಆ ಹೆಸರು ಕೊರಟಗೆರೆ ತಾಲ್ಲೂಕಿನ ಒಂದು ಬೆಟ್ಟಕ್ಕೂ, ಅದರ ಮೇಲಿನ ಕೋಟೆಗೂ, ಬುಡದ ಹಳ್ಳಿಗೂ, ಹಲವು ಗ್ರಾಮಗಳನ್ನೊಳಗೊಂಡ ಹೋಬಳಿಗೂ ಸಲ್ಲುತ್ತದೆ. ಆದ್ದರಿಂದ 'ಚನ್ನರಾಯನದುರ್ಗದ ಜನಸಂಖ್ಯೆ' ಎಂದಾಗ ಯಾವ ಘಟಕದ ಜನಸಂಖ್ಯೆ ಎಂಬುದು ಮೊದಲು ಸ್ಪಷ್ಟವಾಗಬೇಕು.

ನೆಲ ಮತ್ತು ನೀರು

ಶಿವಗಂಗೆ, ದೇವರಾಯನದುರ್ಗಗಳಿಂದ ಉತ್ತರಕ್ಕೆ ಕೊರಟಗೆರೆ, ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ನಿಡುಗಲ್ಲು, ಪಾವಗಡಗಳವರೆಗೆ ಗ್ರಾನೈಟ್ ಬೆಟ್ಟಗಳ ಸಾಲು ಹಬ್ಬಿದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳತ್ತ ಎಳೆದ ಗೆರೆಯ ಪೂರ್ವಕ್ಕಿರುವ ಗಡಿಪ್ರದೇಶವು ತಲಪರಿಗೆಗಳ ನೆಲೆಯೆಂದು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಗುರುತಿಸಿದ್ದಾರೆ. ಮರಳು ನೆಲದಲ್ಲಿ ಅಲ್ಪ ಆಳಕ್ಕೇ ಒಸರುವ ನೀರನ್ನು ಕಾಲುವೆಯ ಮೂಲಕ ಗದ್ದೆ ತೋಟಗಳಿಗೆ ಹಾಯಿಸುವ ವ್ಯವಸ್ಥೆಯೇ ತಲಪರಿಗೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಬೇಸಾಯಕ್ಕೆ ಕೆರೆಯ ಜೊತೆಗೆ ಇದೂ ಆಧಾರವಾಗಿತ್ತು. ಕೊಳವೆಬಾವಿಗಳು ಹೆಚ್ಚಿ, ಮರಳು ತೆಗೆತ ನಡೆದು, ಅಂತರ್ಜಲ ಕುಸಿದ ಮೇಲೆ ಅನೇಕ ತಲಪರಿಗೆಗಳು ಬತ್ತಿದವು. ಈ ಬದಲಾವಣೆಯನ್ನು ಗಮನಿಸದೆ ಗ್ರಾಮದ ಜನಸಂಖ್ಯೆಯ ಏರಿಳಿತವನ್ನು ವಿವರಿಸುವುದು ಅಪೂರ್ಣವಾಗುತ್ತದೆ.

ವಸತಿ ಮತ್ತು ಗಣತಿ

ಗ್ರಾಮೀಣ ಪ್ರದೇಶದಲ್ಲಿ ಜನಗಣತಿಯ ಮೂಲ ಘಟಕವೆಂದರೆ ಕಂದಾಯ ಗ್ರಾಮ. ಅದರ ಎಲ್ಲೆಯೊಳಗಿನ ಮಜರೆ, ಹಟ್ಟಿ, ಪಾಳ್ಯಗಳ ಜನರು ಮೂಲ ಗ್ರಾಮದ ಲೆಕ್ಕದಲ್ಲೇ ಸೇರುತ್ತಾರೆ. ಜನವಸತಿ ಇಲ್ಲದಿದ್ದರೂ ಎಲ್ಲೆಯುಳ್ಳ ಭೂಮಿ ಗ್ರಾಮವೆನಿಸಿಕೊಳ್ಳುತ್ತದೆ. ಕಂದಾಯ ಭಾಷೆಯಲ್ಲಿ ಅದು ಬೇಚರಾಕ್ ಗ್ರಾಮ. 'ದೀಪವಿಲ್ಲದ್ದು' ಎಂಬುದು ಆ ಪಾರಸಿ ಮೂಲದ ಪದದ ಅರ್ಥ. ಹೀಗೆ ದೀಪವಿಲ್ಲದ ನೆಲಕ್ಕೆ ಪಟ್ಟಿಯಲ್ಲಿ ಸ್ಥಾನವಿದೆ. ದೀಪ ಉರಿಯುವ ಹಟ್ಟಿಗೆ ಪ್ರತ್ಯೇಕ ಸ್ಥಾನವಿಲ್ಲ.

ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳ ಗೊಲ್ಲರಹಟ್ಟಿಗಳ ವಿಷಯದಲ್ಲಿ ಈ ಮಾತು ಮುಖ್ಯವಾದುದು. ಊರಿನಿಂದ ದೂರದಲ್ಲಿ, ಪಶುಪಾಲನೆಗೆ ಅನುಕೂಲವಾಗಿ ನೆಲೆಗೊಂಡ ಕಾಡುಗೊಲ್ಲರ ಹಟ್ಟಿಗೆ ತನ್ನದೇ ಆದ ದೈವ, ಕಟ್ಟಳೆ, ಕಥನಗಳಿವೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಆ ಪರಂಪರೆಯ ಪ್ರಮುಖ ಕೇಂದ್ರ. ಜುಂಜಪ್ಪನ ಕಾವ್ಯವನ್ನು ಸಂಗ್ರಹಿಸಿದ ಕನ್ನಡ ಜಾನಪದ ವಿದ್ವಾಂಸರು ಹಟ್ಟಿಯನ್ನು ಸ್ವತಂತ್ರ ಸಾಂಸ್ಕೃತಿಕ ಘಟಕವೆಂದು ಪರಿಗಣಿಸಿದರು. ಆಡಳಿತದಲ್ಲಿ ಇಂಥ ಮಾನ್ಯತೆ ತಡವಾಗಿ ಬಂತು. ದಾಖಲೆಯಿಲ್ಲದ ಹಟ್ಟಿ, ತಾಂಡಾ, ಹಾಡಿ, ಮಜರೆಗಳ ನಿವಾಸಿಗಳಿಗೆ ಮನೆಯ ನಿವೇಶನದ ಒಡೆತನ ನೀಡಲು ಕರ್ನಾಟಕ ಭೂಸುಧಾರಣಾ ಕಾಯಿದೆಗೆ 2016ರ ತಿದ್ದುಪಡಿ ಬೇಕಾಯಿತು. 2011ರ ಗಣತಿಯ ಗ್ರಾಮವಾರು ಕೋಷ್ಟಕಗಳು ಪರಿಶಿಷ್ಟ ಜಾತಿ, ಪಂಗಡಗಳ ಸಂಖ್ಯೆಯನ್ನು ಕೊಡುತ್ತವೆ. ಆ ಪಟ್ಟಿಗಳಲ್ಲಿಲ್ಲದ ಕಾಡುಗೊಲ್ಲರು ಅಲ್ಲಿ ಒಟ್ಟು ಸಂಖ್ಯೆಯಲ್ಲಿ ಕರಗಿಹೋಗಿದ್ದಾರೆ.

ಗಡಿ ಮತ್ತು ಭಾಷೆ

ಪಾವಗಡ ತಾಲ್ಲೂಕನ್ನು ಬಹುಮಟ್ಟಿಗೆ ಮೂರು ಕಡೆಗಳಿಂದ ಆಂಧ್ರಪ್ರದೇಶ ಸುತ್ತುವರಿದಿದೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ನೇರ ರಸ್ತೆ ಆಂಧ್ರದ ಮಡಕಶಿರಾವನ್ನು ಹಾದುಹೋಗುತ್ತದೆ. 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾ ಭಾಗದ ಅಗಳಿ, ರೊಳ್ಳ, ಅಮರಾಪುರಗಳ ಸುತ್ತ ಕನ್ನಡ ಮಾತನಾಡುವ ಜನರಿದ್ದಾರೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಇರುವುದೂ ಅಲ್ಲಿಯೇ. ಗಡಿಯ ಈಚೆ ತೆಲುಗು ಮನೆಮಾತಿನ ಕುಟುಂಬಗಳಿವೆ. 'ಗೊಲ್ಲ' ಎಂಬ ಒಂದೇ ಹೆಸರಿನಡಿ ಕಾಡುಗೊಲ್ಲರ ಮನೆಮಾತು ಕನ್ನಡ, ಊರುಗೊಲ್ಲರದು ತೆಲುಗು.

ಜನಗಣತಿಯಲ್ಲಿ ಒಬ್ಬ ವ್ಯಕ್ತಿಗೆ ಒಂದು ಮಾತೃಭಾಷೆ ದಾಖಲಾಗುತ್ತದೆ. ಬಲ್ಲ ಇತರ ಭಾಷೆಗಳಿಗೆ ಎರಡರ ಮಿತಿಯಿದೆ. 2011ರ ಮಾತೃಭಾಷೆಯ ಅಂಕಿಗಳು ತಾಲ್ಲೂಕು ಮಟ್ಟದವರೆಗೆ ಪ್ರಕಟವಾದವೇ ಹೊರತು ಗ್ರಾಮಮಟ್ಟದಲ್ಲಲ್ಲ. ಆದ್ದರಿಂದ ತಾಲ್ಲೂಕಿನ ಶೇಕಡಾವಾರನ್ನು ಒಂದು ಹಳ್ಳಿಗೆ ಅನ್ವಯಿಸಿ ಅದನ್ನು 'ಕನ್ನಡ ಗ್ರಾಮ'ವೆಂದೋ 'ತೆಲುಗು ಪ್ರಭಾವಿತ ಗ್ರಾಮ'ವೆಂದೋ ಕರೆಯುವುದಕ್ಕೆ ಆಧಾರವಿಲ್ಲ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ದೇವರ ಸೇವೆಯಲ್ಲಿ ಮತ್ತೊಂದು ಎಂಬಂತೆ ಭಾಷೆ ಹಂಚಿಕೆಯಾಗಿದ್ದರೆ ಅದನ್ನು ಕ್ಷೇತ್ರಕಾರ್ಯವಷ್ಟೇ ತಿಳಿಸಬಲ್ಲದು.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗ್ರಾಮದ ಜನಸಂಖ್ಯೆಯನ್ನು ಉಲ್ಲೇಖಿಸುವಾಗ ಗಣತಿಯ ವರ್ಷವನ್ನೂ, ಆ ಸಂಖ್ಯೆಯಲ್ಲಿ ಅಡಗಿರುವ ಹಟ್ಟಿ, ಮಜರೆಗಳ ಹೆಸರನ್ನೂ ನಮೂದಿಸಬೇಕು. ನೀರಿನ ನೆಲೆಗಳನ್ನು ವಸತಿಯ ಜೊತೆಗಿಟ್ಟು ದಾಖಲಿಸಬೇಕು. ಭಾಷೆಯನ್ನು ಮನೆವಾರು, ಸಂದರ್ಭವಾರು ವಿಚಾರಿಸಬೇಕು. ರಾಜ್ಯದ ಎಲ್ಲೆಯಲ್ಲಿ ಅಧ್ಯಯನ ನಿಲ್ಲಬಾರದು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು 2025ರಲ್ಲಿ ಅಧಿಸೂಚನೆ ಹೊರಟಿದೆ. ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಯೋಜನೆಗಳಿಗೆಲ್ಲ ಸಂಖ್ಯೆಯೇ ಆಧಾರವಾಗುವುದರಿಂದ, ಎಣಿಕೆಯಲ್ಲಿ ಪ್ರತ್ಯೇಕವಾಗಿ ಕಾಣದ ಹಟ್ಟಿ ಸೌಲಭ್ಯದಲ್ಲೂ ಕಾಣದೆ ಹೋಗುವ ಸಂಭವವಿದೆ. ಕನ್ನಡ ವಿಭಾಗಗಳ ಕ್ಷೇತ್ರ ದಾಖಲೆಗಳು ಆ ಕೊರತೆಯನ್ನು ತೋರಿಸಿಕೊಡಬಲ್ಲವು. ಆ ದೃಷ್ಟಿಯಿಂದ 'ಕ್ಷೇತ್ರ ಪರಿಚಯ'ವು ಪ್ರಬಂಧದ ಔಪಚಾರಿಕ ಪೀಠಿಕೆಯಲ್ಲ, ಸಂಶೋಧನೆಯ ಮೊದಲ ಫಲಿತ.