ಅಂಚೆ ವೆಚ್ಚಕ್ಕೂ ತೆರಿಗೆಯೇ?

ನಮ್ಮ ಚನ್ನಪಟ್ಟಣದ ಹಾಲೆಮರದ ಬೊಂಬೆಗಳು ಕಡಲಾಚೆಗೂ ಹೋಗುವುದನ್ನು ವಾಚಕರೆಲ್ಲ ಬಲ್ಲರು. ನನ್ನ ಸೋದರಮಾವನು ಕಡೆದ ಗಿಲಕಿಯೊಂದನ್ನು ಬ್ರಿಟನ್ನಿನ ಮಹಿಳೆಯೊಬ್ಬರು ಅಂತರ್ಜಾಲದ ಮೂಲಕ ಕೊಂಡರು. ತೆರಿಗೆಯ ಮೊತ್ತವನ್ನು ಕಂಡು, "ಬೊಂಬೆಗೆ ತೆರಿಗೆ ಸರಿ, ಅಂಚೆಗೇಕೆ?" ಎಂದು ಬರೆದರು. ಮಾವನಿಗೆ ಉತ್ತರ ತೋಚಲಿಲ್ಲ. ಅರ್ಥಶಾಸ್ತ್ರ ಓದುವ ನನಗೂ ತೋಚಲಿಲ್ಲ.

ವಿಚಾರಿಸಲಾಗಿ ತಿಳಿದುದಿಷ್ಟು. 2021ರ ಜನವರಿ 1ರಿಂದ ಬ್ರಿಟನ್ನಿನಲ್ಲಿ, 135 ಪೌಂಡು ಮೀರದ ಆಮದು ಸರಕಿಗೆ ಮಾರಾಟದ ವೇಳೆಯಲ್ಲೇ ಮೌಲ್ಯವರ್ಧಿತ ತೆರಿಗೆ ಬೀಳುತ್ತದೆ. ಬೊಂಬೆಗಳಿಗೆ ದರ ಶೇಕಡ 20. ಅದೂ ಕೊಳ್ಳುವವರು ತೆರುವ ಒಟ್ಟು ಹಣದ ಮೇಲೆ. ಬೊಂಬೆಗೆ 10 ಪೌಂಡು, ಅಂಚೆಗೆ 15 ಪೌಂಡು ಎಂದಿಟ್ಟುಕೊಳ್ಳೋಣ. ತೆರಿಗೆ 5 ಪೌಂಡು. ಅದರಲ್ಲಿ 3 ಪೌಂಡು ಅಂಚೆಯ ಪಾಲಿನದೇ!

ಇದಕ್ಕೆ ಕಾರಣವುಂಟು. ಅಂಚೆಯನ್ನು ಬಿಟ್ಟುಕೊಟ್ಟರೆ, ಕಪಟಿಯಾದ ವರ್ತಕನು ಬೊಂಬೆಗೆ 1 ಪೌಂಡು, ಅಂಚೆಗೆ 24 ಪೌಂಡು ಎಂದು ಬರೆದಾನು. ನಮ್ಮ ದೇಶದಲ್ಲಿಯೂ 1962ರ ಕಸ್ಟಮ್ಸ್ ಕಾಯಿದೆಯ 14ನೆಯ ಕಲಮು ಆಮದು ಸರಕಿನ ಮೌಲ್ಯದಲ್ಲಿ ಸಾಗಣೆ ವೆಚ್ಚವನ್ನು ಸೇರಿಸುತ್ತದೆ.

ನ್ಯಾಯವೇನೋ ಸರಿ. ಆದರೆ ದೂರ ಹೆಚ್ಚಿದಷ್ಟೂ ಅಂಚೆ ಹೆಚ್ಚು, ಅಂಚೆ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ದೂರದ ಬಡ ಕುಶಲಕರ್ಮಿಯ ಸರಕು ದೂರಕ್ಕಾಗಿ ಎರಡು ಸಲ ತುಟ್ಟಿಯಾಗುತ್ತದೆ. ಇದಕ್ಕೆ ನನಗೆ ತೋಚಿದ ಉಪಾಯ ಒಂದೇ: ನಾಲ್ಕಾರು ಬೊಂಬೆಗಳನ್ನು ಒಂದೇ ಕಟ್ಟಿನಲ್ಲಿ ಕಳುಹಿಸಿ ಅಂಚೆಯ ಭಾರವನ್ನು ಹಂಚುವುದು, ತೆರಿಗೆ ಸೇರಿದ ಪೂರ್ಣ ಬೆಲೆಯನ್ನು ಮೊದಲೇ ತಿಳಿಸುವುದು. ಮಾವನು ಈಗ ಹಾಗೆಯೇ ಮಾಡುತ್ತಿದ್ದಾನೆ. ಆ ಮಹಿಳೆಗೂ ಉತ್ತರ ಬರೆದೆವು.